ಸುಣ್ಣ ಬಳಿದ ಗುಂಡುಗಲ್ಲು

ನಮ್ಮ ಅಡುಗೆಮನೆಗೆ ಗೋಡೆಗಳು ಮೂರೇ. ನಾಲ್ಕನೆಯದು ಗುಂಡುಗಲ್ಲು. ಬುಕ್ಕಸಾಗರದಲ್ಲಿ ಇದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ; ಹಂಪಿಯ ಸುತ್ತಮುತ್ತ ಬಂಡೆ ಸರಿಸಿ ಮನೆ ಕಟ್ಟುವುದಕ್ಕಿಂತ ಬಂಡೆಗೆ ಆನಿಸಿ ಕಟ್ಟುವುದೇ ಸಲೀಸು. ಆದರೆ ಮುಂದೆ ನಾನು ಹೊಸಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ಬಾಯಿ ತಪ್ಪಿ ಈ ಮಾತು ಆಡಿದೆನೆಂದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

“ಟೀಚರ್, ಹಂಗಾದ್ರ ಕ್ಯಾಲೆಂಡರ್ ಎಲ್ಲಿ ತೂಗ ಹಾಕ್ತಿದ್ರಿ?”

ಉಳಿದ ಮೂರು ಗೋಡೆ ಏನು ಮಣ್ಣು ತಿನ್ನುತ್ತಿದ್ದವೇ! ಹೀಗೆ ಗದರಿ ಮತ್ತೆ ಬೋರ್ಡಿನ ಕಡೆ ತಿರುಗುತ್ತಿದ್ದೆ. ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಜೀವವಿರುವವು, ಬಲಕ್ಕೆ ಜೀವವಿಲ್ಲದವು ಎಂದು ಪ್ರತಿ ವರ್ಷ ಬರೆಯಬೇಕಿತ್ತು. ಗಿಡ, ಹುಳ, ಹಕ್ಕಿ, ಮನುಷ್ಯ ಇತ್ತ. ಬಿಸಿಲು, ನೀರು, ಗಾಳಿ, ಮಣ್ಣು, ಕಲ್ಲು ಅತ್ತ. ಪುಸ್ತಕದಲ್ಲಿ ಹಾಗೇ ಇತ್ತು, ತಪ್ಪೇನೂ ಅಲ್ಲ. ಆದರೂ ‘ಕಲ್ಲು’ ಎಂದು ಬಲಗಡೆ ಬರೆಯುವಾಗ ನನ್ನ ಕೈ ಒಂದು ಚಣ ತಡೆಯುತ್ತಿತ್ತು. ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಮೊಸರು ಎಲ್ಲಿಡಬೇಕು, ಹಿತ್ತಲಲ್ಲಿ ಯಾವ ಪ್ರಾಣಿ ಬದುಕಬೇಕು ಎಂದು ತೀರ್ಮಾನ ಮಾಡುತ್ತಿದ್ದುದು ಆ ಕಲ್ಲೇ. ನಮ್ಮ ಅವ್ವ ಒಂದು ವರ್ಷ ಅದರ ಜೊತೆ ಜಗಳಕ್ಕೆ ಬಿದ್ದಳು. ನನಗೆ ವಿಜ್ಞಾನದ ರುಚಿ ಹತ್ತಿದ್ದು ಶಾಲೆಯಲ್ಲಲ್ಲ, ಆ ಜಗಳದಲ್ಲಿ.

ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಕೊನೆಗೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಬಚ್ಚಲು, ಮೇಲೆ ಮಣ್ಣಿನ ಮಾಳಿಗೆ. ಅಡುಗೆಮನೆಯ ಮೂಡಲಿಗೆ ಗೋಡೆ ಇರಬೇಕಾದ ಕಡೆ ಗುಂಡು ಕೂತಿತ್ತು. ಅದರ ಹೊಟ್ಟೆ ಮನೆಯೊಳಗೆ, ಬೆನ್ನು ಹಿತ್ತಲಲ್ಲಿ, ತಲೆ ಮಾಳಿಗೆಗಿಂತ ಎತ್ತರದಲ್ಲಿ. ದಿನವಿಡೀ ತಲೆಯ ಮೇಲೆ ಬಿದ್ದ ಬಿಸಿಲು ಹೊಟ್ಟೆಗೆ ಇಳಿಯಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಹೊರಗೆ ಅಂಗಾಲು ಸುಡುವ ಮಧ್ಯಾಹ್ನ ಒಳಗಿನ ಕಲ್ಲು ತಣ್ಣಗಿರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಬೆಚ್ಚಗಾಗುತ್ತಿತ್ತು. ಮಧ್ಯಾಹ್ನ ಉಂಡವರೆಲ್ಲ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಸಂಜೆ ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಅದರ ಬುಡಕ್ಕೆ ಒತ್ತಿ ಇಟ್ಟರೆ ಬೆಳಗಿಗೆ ಮೊಸರು ಕತ್ತರಿಸುವ ಹಾಗಿರುತ್ತಿತ್ತು. ಚಳಿಗಾಲದಲ್ಲಿ ಅಜ್ಜಿ ತನ್ನ ಮೊಣಕಾಲನ್ನು ಅದಕ್ಕೆ ಒತ್ತಿಕೊಂಡು ಕೂತು, ಯಾವ ಎಣ್ಣೆಯೂ ಇಷ್ಟು ಹಿತ ಕೊಡುವುದಿಲ್ಲ ಎನ್ನುತ್ತಿದ್ದಳು.

ಹಿತ್ತಲ ಕಡೆಯ ಸಂಸಾರ ಇನ್ನೂ ದೊಡ್ಡದು. ಗುಂಡಿನ ತಲೆಯ ಮೇಲೆ ಬಿದ್ದ ಮಳೆ ಅದರ ಮೈಮೇಲಿನ ಒಂದು ಹಳ್ಳದಗುಂಟ ಇಳಿದು ಕೆಳಗಿನ ಕಲ್ಲುಬಾನಿಗೆ ಬೀಳುತ್ತಿತ್ತು. ಬಾನಿ ತುಂಬಿ ಹೊರಚೆಲ್ಲಿದ ನೀರು ಬುಡದ ಮಡಿಗೆ. ಆ ಮಡಿಯ ಮಣ್ಣು ಕಪ್ಪಗೆ ಮೆತ್ತಗಿತ್ತು. ಕಲ್ಲಿನ ಪುಡಿ, ಒಣಗಿದ ಎಲೆ, ಹಕ್ಕಿಯ ಹಿಕ್ಕೆ ಎಲ್ಲ ವರ್ಷಗಟ್ಟಲೆ ಮಳೆಯ ಜೊತೆ ಇಳಿದು ಆದದ್ದು. ಅದರಲ್ಲಿ ಒಂದು ಕರಿಬೇವು, ಗುಂಡಿನ ಮೇಲೆ ಹಬ್ಬಿದ ತೊಂಡೆಬಳ್ಳಿ. ಬಾನಿಯಲ್ಲಿ ಅಪ್ಪ ಕಾಲುವೆಯಿಂದ ತಂದು ಬಿಟ್ಟ ಬೆರಳುದ್ದದ ಮೀನು, ಮಳೆಗಾಲದಲ್ಲಿ ಬಾಲ ಬಡಿಯುವ ಕಪ್ಪೆಮರಿಗಳು. ಕಲ್ಲಿನ ಮೈಮೇಲೆ ಬೂದಿ, ಹಳದಿ ಬಣ್ಣದ ಕಲ್ಲುಹೂವಿನ ಚಕ್ಕೆಗಳು. ಮಸಾಲೆಗೆ ಹಾಕುತ್ತಾರಲ್ಲ, ಅದಲ್ಲ, ಅದರ ಬಡ ಬಂಧು. ಇವೆಲ್ಲದರ ಮೇಲೆ ಯಜಮಾನನ ಹಾಗೆ ಒಂದು ಓತಿಕ್ಯಾತ. ಬೇಸಿಗೆ ಬಂತೆಂದರೆ ಅದರ ಬೆನ್ನು ಕೆಂಪೇರುತ್ತಿತ್ತು. ಸುಡುವ ಕಲ್ಲಿನ ಮೇಲೆ ನಿಂತು ದಂಡ ಹೊಡೆಯುತ್ತಾ, ಕಲ್ಲು ತನ್ನದೇ ಎನ್ನುವಂತೆ ನಮ್ಮನ್ನು ದುರುಗುಟ್ಟಿ ನೋಡುತ್ತಿತ್ತು. ನನಗೆ ಅದನ್ನು ಕಂಡರೆ ಪ್ರಾಣ.

ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲು ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೆ. ಇದಕ್ಕೆ ಕಾರಣ ಮಂಗಗಳು. ಗುಡ್ಡದಿಂದ ಹಿಂಡುಹಿಂಡಾಗಿ ಇಳಿದು ಬರುವ ಅವು ಹಂಚಿನ ಮೇಲಿನ ರೊಟ್ಟಿಯನ್ನು ಬಿಸಿಬಿಸಿಯಾಗಿಯೇ ಎತ್ತಿಕೊಂಡು ಹೋಗುವಷ್ಟು ಪಳಗಿದ್ದವು. ಅಡುಗೆಮನೆಗೆ ಕಿಟಕಿ ಇಟ್ಟರೆ ಮಂಗಗಳನ್ನು ಕರೆದು ಎಲೆ ಹಾಕಿದಂತೆ ಎಂದು ಅಜ್ಜಿಯ ಅತ್ತೆ ಹೇಳಿದ್ದಳಂತೆ. ಆಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಮಾತು ಮಾತ್ರ ಉಳಿದಿತ್ತು.

ಅಜ್ಜಿ ಸಂಡೂರಿನವಳು, ಗುಡ್ಡ, ಕೆಂಪು ಮಣ್ಣು, ಕುರುಚಲು ಕಾಡಿನ ನಡುವೆ ಬೆಳೆದವಳು. ಅವ್ವ ಕಂಪ್ಲಿಯ ಕಡೆಯವಳು, ಕಣ್ಣು ಹಾಯಿಸಿದಷ್ಟು ದೂರ ಭತ್ತ, ಕಬ್ಬು, ನೀರು, ಗಾಳಿ. ಇಬ್ಬರಿಗೂ ತಂತಮ್ಮ ನೆಲದ ಗುಣ ಹತ್ತಿತ್ತು. ಅಜ್ಜಿಗೆ ಯಾವುದನ್ನೂ ಅಲ್ಲಾಡಿಸಬಾರದು. ಅವ್ವನಿಗೆ ಎಲ್ಲವೂ ಹರಿದಾಡುತ್ತಿರಬೇಕು. ಅಜ್ಜಿ ಪ್ರತಿ ಅಮಾವಾಸ್ಯೆ ಗುಂಡಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವಾಗ ಅವ್ವ ಕೈಮುಗಿಯುತ್ತಿದ್ದಳಾದರೂ ಮುಖ ಆಚೆ ತಿರುಗಿಸುತ್ತಿದ್ದಳು.

ತಮ್ಮ ಹುಟ್ಟುವ ತನಕ ಇದು ಬರೀ ಮುಖ ತಿರುಗಿಸುವ ಮಟ್ಟದಲ್ಲಿತ್ತು. ಚಳಿಗಾಲದ ಕೊನೆಗೆ ಅವನು ಹುಟ್ಟಿದ. ಅಡುಗೆಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಶಿವರಾತ್ರಿ ಕಳೆದದ್ದೇ ತಡ, ಬಿಸಿಲು ಏರಿತು. ಹೊತ್ತು ಮುಳುಗುತ್ತಿದ್ದಂತೆ ಗುಂಡು ಕಾಯತೊಡಗುತ್ತಿತ್ತು, ಅದೇ ಹೊತ್ತಿಗೆ ಒಲೆಯೂ ಉರಿಯುತ್ತಿತ್ತು. ಕೂಸಿನ ಕುತ್ತಿಗೆ, ಬೆನ್ನು, ಕಂಕುಳ ತುಂಬ ಬೆವರುಸಾಲೆ ಎದ್ದು ಅದು ಕಿರುಚಿ ಕಿರುಚಿ ನೀಲಿಗಟ್ಟುತ್ತಿತ್ತು. ಪಡಸಾಲೆಗೆ ಒಯ್ಯೋಣವೆಂದರೆ ಅವ್ವ ಒಲೆ ಬಿಟ್ಟು ಏಳುವಂತಿಲ್ಲ. ಅಂಗಳಕ್ಕೆ ಒಯ್ಯೋಣವೆಂದರೆ ದೀಪ ಹಚ್ಚಿದ ಮೇಲೆ ಕೂಸನ್ನು ಹೊಸ್ತಿಲು ದಾಟಿಸಬಾರದೆಂಬುದು ಅಜ್ಜಿಯ ಕಾನೂನು. ಅವ್ವ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತಾ ಇನ್ನೊಂದು ಕೈಯಲ್ಲಿ ತೊಟ್ಟಿಲು ತೂಗುತ್ತಾ ಅಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನನಗೆ ಗುಂಡಿನ ಮೇಲೆ ಸಿಟ್ಟೂ ಬರುತ್ತಿತ್ತು, ಅದನ್ನು ಯಾರಾದರೂ ಬೈದರೆ ಅಳುವೂ ಬರುತ್ತಿತ್ತು.

“ನಮ್ಮ ಕಂಪ್ಲಿಯಾಗ ಹೊತ್ತು ಮುಳುಗಿತು ಅಂದ್ರ ತಣ್ಣನ್ನ ಗಾಳಿ ಬಿಡ್ತೈತಿ. ಇಲ್ಲಿ ಹೊತ್ತು ಮುಳುಗಿದ ಮ್ಯಾಲೇ ಬ್ಯಾಸಗಿ ಚಾಲೂ ಆಗ್ತೈತಿ. ಈ ಕಲ್ಲು ನನ್ನ ಮಗನ್ನ ಮಕ್ಕೋಳಾಕ ಬಿಡವಲ್ದು.”

“ಕಂಪ್ಲಿಯಾಕಿಗೆ ಕಲ್ಲಿನ ಬೆಲಿ ಏನ್ ಗೊತ್ತವ್ವಾ? ನಿಮ್ಮೂರಾಗ ನಾಯಿ ಬೆನ್ನ ಹತ್ತಿದ್ರ ಒಗ್ಯಾಕ ಒಂದು ಹರಳು ಸಿಗಂಗಿಲ್ಲ.”

“ನಾಯಿಗೆ ಒಗ್ಯಾಕ ಹರಳು ಸಾಕು ಅತ್ತಿ. ಮನಿಯಷ್ಟು ದೊಡ್ಡ ಕಲ್ಲು ಬೇಕಾಗಂಗಿಲ್ಲ.”

ಅಪ್ಪ ಗೌಂಡಿ. ಹೊಸಪೇಟೆಯಲ್ಲಿ, ಕಮಲಾಪುರದಲ್ಲಿ ಮನೆ ಕಟ್ಟುವವನು. ಸಿಮೆಂಟು, ಕಂಬಿ, ಜೆಲ್ಲಿ ಎಂದರೆ ಅವನಿಗೆ ಹಬ್ಬದೂಟ. ಈ ಜಗಳ ಕೇಳುತ್ತಾ ಕೇಳುತ್ತಾ ಅವನ ಕಣ್ಣು ಬೇರೆಯೇ ಕಡೆ ಹೋಗಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿಯೇಬಿಟ್ಟ.

“ಒಡದು ಬಿಡೋಣ ತಗೋರಿ. ಹುಲಿಗೆಪ್ಪಗ ಹೇಳಿದ್ರ ಜಲ್ದಿ ಚೂರುಚೂರು ಮಾಡ್ತಾನ. ಆ ಜಾಗದಾಗ ಆರ್‌ಸಿಸಿ ರೂಮು ಎಬ್ಬಿಸೋಣ. ಪಾಯಕ್ಕ ಕಲ್ಲು ಮನ್ಯಾಗ ಸಿಕ್ಕಂಗ ಆತು. ಮಸ್ತ್ ಆಗ್ತೈತಿ.”

ಹುಲಿಗೆಪ್ಪ ಮಾಮ ಕಲ್ಲು ಸೀಳುವ ಕೆಲಸದವನು, ಅಪ್ಪನ ಗೆಳೆಯ. ಅವನ ಹೆಸರು ಕೇಳಿದ್ದೇ ಅಜ್ಜಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಪುಂಡಿಪಲ್ಯ ಅವಳಿಗೆ ಎಷ್ಟು ಇಷ್ಟವೆಂದರೆ ಜ್ವರದಲ್ಲೂ ಬಿಟ್ಟವಳಲ್ಲ. ಅವತ್ತು ಮುಟ್ಟಲಿಲ್ಲ.

“ಗುಂಡಿಗೆ ಉಳಿ ಹಚ್ಚೋ ದಿನ ನಾ ಸಂಡೂರಿಗೆ ಹೊಂಟೆ. ನಮ್ಮಣ್ಣನ ಮನ್ಯಾಗ ನನಗೊಂದು ಮೂಲಿ ಐತಿ. ಆಮ್ಯಾಲೆ ಯವ್ವಾ ಬಾ ಅಂತ ಕರ್ಯಾಕ ಬರಬ್ಯಾಡಲೇ.”

ಅಪ್ಪ ತಲೆ ತಗ್ಗಿಸಿ ಅನ್ನ ಕಲಸಿದ. ಅವ್ವ ಮಾತ್ರ ಸುಮ್ಮನಾಗಲಿಲ್ಲ. ಅತ್ತೆಯನ್ನು ಮನೆ ಬಿಡಿಸಿದ ಸೊಸೆ ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ, ಮಗನ ಅಳುವನ್ನು ಸಹಿಸುವುದೂ ಆಗುತ್ತಿರಲಿಲ್ಲ. ಯೋಚಿಸಿ ಒಂದು ದಾರಿ ಹುಡುಕಿದಳು.

“ಅತ್ತಿ, ಗುಂಡು ಗ್ವಾಡಿನೋ ಅಲ್ಲೋ?”

“ಗ್ವಾಡಿನ. ಅದಕ್ಕಿಂತ ಗಟ್ಟಿ ಗ್ವಾಡಿ ಯಾವ ಗೌಂಡಿ ಕಟ್ತಾನ?”

“ಉಗಾದಿಗೆ ಎಲ್ಲಾ ಗ್ವಾಡಿಗೂ ಸುಣ್ಣ ಹಚ್ತೀವೋ ಇಲ್ಲೋ? ಹಂಗಾದ್ರ ಇದಕ್ಕೂ ಹಚ್ಚೋಣ. ಬೆಳ್ಳಗಿದ್ರ ಬಿಸಲು ಹಿಡ್ಯಂಗಿಲ್ಲ. ಒಡಿಯೋದು ಬ್ಯಾಡ, ಏನೂ ಬ್ಯಾಡ.”

ಅಜ್ಜಿ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ಹೆಂಡತಿಗಾಗಿ ಒಳ್ಳೆಯ ಸುಟ್ಟ ಸುಣ್ಣ ತಂದು, ಹಳೆಯ ಡ್ರಮ್ಮಿನಲ್ಲಿ ನೀರು ಹೊಯ್ದು ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬೇಗ ಬಿಡದಿರಲೆಂದು ಅಂಟು ಕಲಸಿ ಕೊಟ್ಟ. ಅವ್ವ ಸೀರೆ ಕಚ್ಚೆ ಹಾಕಿ ಏಣಿ ಹತ್ತಿದಳು. ನಾನು ಕೆಳಗಿನಿಂದ ಡಬ್ಬಿ ತುಂಬಿ ತುಂಬಿ ಕೊಟ್ಟೆ. ತೊಂಡೆಬಳ್ಳಿಯನ್ನು ಸರಿಸಿ, ಕಲ್ಲುಹೂವಿನ ಮೇಲೆಲ್ಲ ಬಳಿದು, ಸಂದುಗಳಿಗೂ ಕುಂಚ ತೂರಿಸಿ, ಒಂದರ ಮೇಲೊಂದು ಕೈ ಹಚ್ಚಿ, ಸಂಜೆಗೆ ಗುಂಡು ಹಾಲಿನಲ್ಲಿ ಅದ್ದಿ ತೆಗೆದಂತಾಯಿತು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

“ಹಿರೇ ಮನಶ್ಯಾಗ ಪೌಡರ್ ಬಳದು ಕುಂದ್ರಿಸ್ಯಾಳ ನೋಡ್ರೆವ್ವಾ!”

ನಗುವವರು ನಕ್ಕರು. ಕಾಲುವೆಗೆ ಬಟ್ಟೆ ಒಗೆಯಲು ಹೋದರೆ ಹೆಂಗಸರು ಅವ್ವನನ್ನು ‘ಬೆಳ್ಳನ ಗುಂಡಿನಾಕಿ’ ಎಂದು ಕರೆಯತೊಡಗಿದರು. ಆದರೆ ಸುಣ್ಣ ಕೆಲಸ ಮಾಡಿತ್ತು! ಸಂಜೆ ಗುಂಡಿನ ಹೊಟ್ಟೆ ಮುಟ್ಟಿ ನೋಡಿದರೆ ಬಿಸಿ ಅಷ್ಟಕ್ಕಷ್ಟೆ. ತಮ್ಮನ ಬೆವರುಸಾಲೆ ಒಣಗಿತು. ತೊಟ್ಟಿಲಲ್ಲಿ ಕೈಕಾಲು ಚೆಲ್ಲಿ ನಿದ್ದೆ ಹೋದ. ಅವ್ವ ತುಟಿ ಬಿಗಿಹಿಡಿದು ನಗು ತಡೆದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿಯೂ ಮೊಮ್ಮಗನ ಮುಖ ನೋಡಿ ದೃಷ್ಟಿ ತೆಗೆದು, ಏನೋ ಒಂದು, ಕೂಸು ಮಲಗಿತಲ್ಲ ಎಂದಳು. ಮನೆಯಲ್ಲಿ ಅಷ್ಟು ಸಮಾಧಾನ ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ.

ಮೊದಲು ಹೋದದ್ದು ಓತಿಕ್ಯಾತ. ಬೂದು ಕಲ್ಲಿನ ಮೇಲೆ ಅದು ಕೂತರೆ ಹತ್ತಿರ ಹೋದವರಿಗೇ ಕಾಣುತ್ತಿತ್ತು. ಬಿಳಿಯ ಕಲ್ಲಿನ ಮೇಲೆ ಆ ಕೆಂಪು ಬೆನ್ನು ಊರಿಗೆಲ್ಲ ಕಾಣುವಂತಾಯಿತು. ನಾನು ಬಾನಿಯ ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮೇಲಿನಿಂದ ಗಿಡುಗವೊಂದು ಸರ್ರನೆ ಇಳಿದು ಎತ್ತಿಕೊಂಡು ಹೋಯಿತು. ನಾನು ಪಾತ್ರೆ ಬಿಸಾಡಿ ಕಿರುಚಿದೆ, ಅತ್ತುಬಿಟ್ಟೆ, ಊಟ ಮಾಡಲಿಲ್ಲ. ಚಿಕ್ಕ ಓತಿಗಳು ಒಂದಷ್ಟು ದಿನ ಸಂದುಗಳಲ್ಲಿ ಇಣುಕಿ, ಪಕ್ಕದ ಬಂಡೆಗಳಿಗೆ ಗುಳೆ ಹೋದವು. ಅವು ಹೋದ ಮೇಲೆ ಅವುಗಳ ಊಟಕ್ಕೆ ಯಾರ ಭಯ? ಕೆಂಪಿರುವೆಗಳು ಗುಂಡಿನ ಬುಡದಿಂದ ಸಾಲುಗಟ್ಟಿ ಅಡುಗೆಮನೆಗೆ ಬಂದವು. ಬೆಲ್ಲದ ಡಬ್ಬಿಗೆ ಬಂದವು, ತುಪ್ಪಕ್ಕೆ ಬಂದವು, ಗೋಡೆ ಹತ್ತಿ ತೊಲೆ ಹಿಡಿದು ತೊಟ್ಟಿಲ ಹಗ್ಗದ ಮೇಲೆ ಇಳಿದವು. ಕೂಸಿನ ಬಾಯಲ್ಲಿ ಹಾಲಿನ ವಾಸನೆ ಇರುತ್ತದಲ್ಲ. ಅವ್ವ ಹಗ್ಗಕ್ಕೆ ಸೀಮೆಎಣ್ಣೆಯ ಬಟ್ಟೆ ಸುತ್ತಿದಳು, ಅರಿಶಿನ ಉದುರಿಸಿದಳು. ಅವು ಇನ್ನೊಂದು ದಾರಿ ಹುಡುಕಿಕೊಂಡವು.

ಆಮೇಲೆ ಮಳೆ ಬಂತು. ಮೊದಲ ಮಳೆಗೆ ನಾನು ಯಾವಾಗಲೂ ಹಿತ್ತಲಿಗೆ ಓಡುವವಳು. ಗುಂಡಿನ ಹಳ್ಳದಲ್ಲಿ ಇಳಿಯುವ ನೀರು ಅವತ್ತು ಬೆಳ್ಳಗೆ, ಮಜ್ಜಿಗೆಯ ಹಾಗೆ. ಬಾನಿಗೆ ಬಿತ್ತು, ತುಂಬಿತು, ಮಡಿಗೆ ಚೆಲ್ಲಿತು. ಮರುದಿನ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆ ವರ್ಷ ಬಾನಿಯಲ್ಲಿ ಕಪ್ಪೆಮರಿ ಕಾಣಲೇ ಇಲ್ಲ. ತೊಂಡೆಬಳ್ಳಿಯ ಎಲೆ ಅಂಚಿನಿಂದ ಸುಟ್ಟು ಸುರುಳಿಯಾಯಿತು. ಕರಿಬೇವು ಸಾಯಲಿಲ್ಲ, ಆದರೆ ಎಲೆ ಹಳದಿಗೆ ತಿರುಗಿ ನರ ಮಾತ್ರ ಹಸಿರಾಗಿ ಉಳಿಯಿತು. ಸುಣ್ಣ ಜಾಸ್ತಿಯಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಆ ಪಾಠದ ದಿನ ಕಣ್ಣ ಮುಂದೆ ನಮ್ಮ ಕರಿಬೇವೇ ಬಂದು ನಿಂತಿತು. ಮಳೆ ಮತ್ತೆ ಮತ್ತೆ ಬಿದ್ದು ಬಾನಿಯ ನೀರು ತಿಳಿಯಾದಾಗ ಎಲ್ಲ ಸರಿಹೋಯಿತೆಂದುಕೊಂಡೆವು. ಬಾನಿಗೆ ಎಲ್ಲರಿಗಿಂತ ಮೊದಲು ವಾಪಸು ಬಂದವರು ಯಾರು? ಸೊಳ್ಳೆಗಳು. ಅವುಗಳ ಹುಳ ತಿನ್ನಲು ಮೀನು ಇರಲಿಲ್ಲ, ಹಾರಾಡುವವನ್ನು ನುಂಗಲು ಕಪ್ಪೆ ಇರಲಿಲ್ಲ.

ಬಾನಿ ಬೋರಲು ಹಾಕೋಣವೆಂದರೆ ಅದು ಗುಂಡಿನ ಬುಡದಲ್ಲೇ ಕಡೆದದ್ದು. ನೀರು ಮೊಗೆದು ಚೆಲ್ಲಿದರೆ ಮುಂದಿನ ಮಳೆಗೆ ಮತ್ತೆ ತುಂಬಿಕೊಳ್ಳುತ್ತಿತ್ತು. ತಮ್ಮನ ಕೆನ್ನೆ, ಕೈಕಾಲು ಮತ್ತೆ ಕೆಂಪು ಗಂಧೆ. ಬೇಸಿಗೆಯ ಅಳು ಮಳೆಗಾಲದಲ್ಲಿ ಹೊಸದಾಗಿ ಶುರುವಾಯಿತು. ಇದ್ದ ಒಂದು ಗೆಲುವೂ ಕೈಜಾರಿದ್ದಕ್ಕೆ ಅವ್ವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುಣ್ಣದ ಮೇಲೆ ಬರಬೇಕಾದ ಸಿಟ್ಟು ಪೂರ್ತಿ ಗುಂಡಿನ ಮೇಲೆ ಹೋಯಿತು.

“ಬಿಸಿ ಹೋತು, ಇರಿವಿ ಬಂತು. ಇರಿವಿ ಮುಗೀತು ಅಂದ್ರ ಸೊಳ್ಳಿ. ಎಲ್ಲಾ ಈ ಕಲ್ಲಿನ ಬುಡದಾಗಿಂದ ಹುಟ್ಟಿ ಬರಾಕತ್ತಾವು. ಏನ್ರಿ, ಹುಲಿಗೆಪ್ಪಣ್ಣಗ ಹೇಳಿಬಿಡ್ರಿ. ನನಗ ಸಾಕಾಗೈತಿ.”

ಈ ಸಲ ಅಜ್ಜಿ ಸಂಡೂರಿನ ಮಾತೆತ್ತಲಿಲ್ಲ. ಮೊಮ್ಮಗನ ಕಾಲಿನ ಗಂಧೆಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದಳು. ಹಟಕ್ಕೂ ಕೂಸಿಗೂ ನಡುವೆ ಕೂಸನ್ನೇ ಹಿಡಿದಳು, ಬಡಪಾಯಿ.

“ಮಾಡ್ರವ್ವಾ, ಏನ್ ಮಾಡ್ತೀರಿ ಮಾಡ್ರಿ. ಹುಡುಗನಕಿಂತ ಗುಂಡು ಹೆಚ್ಚೇನಲ್ಲ.”

ಭತ್ತದ ಕೊಯ್ಲು ಮುಗಿದ ಮೇಲೆ ಒಡೆಯುವುದೆಂದು ಮಾತಾಯಿತು. ನನ್ನನ್ನು ಯಾರೂ ಕೇಳಲಿಲ್ಲ, ಹುಡುಗಿಯನ್ನು ಯಾರು ಕೇಳುತ್ತಾರೆ? ನಾನು ಶಾಲೆಯಿಂದ ಬಂದದ್ದೇ ಹಿತ್ತಲಿಗೆ ಹೋಗಿ ಕೂರತೊಡಗಿದೆ, ಊರು ಬಿಟ್ಟು ಹೋಗುವ ನೆಂಟರ ಹತ್ತಿರ ಕೂರುವ ಹಾಗೆ. ಕೂತವಳು ನೋಡದೆ ಏನು ಮಾಡಲಿ? ಗುಂಡಿನ ನೆತ್ತಿಯ ಸುಣ್ಣ ಮಳೆಗೆ ತೊಳೆದು ಹೋಗಿ ಹಳೆಯ ಬೂದುಬಣ್ಣ ಹೊರಬಿದ್ದಿತ್ತು. ಕಲ್ಲು ಮತ್ತೆ ಬಿಸಿಲಿಗೆ ಕಾಯತೊಡಗಿತ್ತು. ಆದರೆ ಕಲ್ಲುಹೂವಿದ್ದ ಕಡೆ ಬರೀ ಬೋಳು ಕಲೆ. ಕಲ್ಲು ತನ್ನ ಕೆಲಸಕ್ಕೆ ಮರಳಿದಷ್ಟು ಬೇಗ ಅದರ ಮೇಲೆ ಬದುಕುತ್ತಿದ್ದವು ಮರಳುವುದಿಲ್ಲ ಎಂದು ನನಗೆ ಆಗಲೇ ಕಂಡಿತು. ಆ ಕಲ್ಲುಹೂವು ಮತ್ತೆ ಅಂಗೈಯಗಲ ಆಗುವ ಹೊತ್ತಿಗೆ ನಾನು ಟೀಚರ್ ಆಗಿದ್ದೆ.

ಚಳಿ ಬಿದ್ದಾಗ ತಮ್ಮನಿಗೆ ನೆಗಡಿ ಹಿಡಿಯಿತು. ನಮ್ಮೂರು ಹೊಳೆಯ ದಂಡೆ. ಹೊತ್ತು ಮುಳುಗಿದರೆ ನೀರಿನ ಕಡೆಯಿಂದ ಥಂಡಿ ಏಳುತ್ತದೆ. ಮೂಗು ಕಟ್ಟಿಕೊಂಡು ಹಾಲು ಕುಡಿಯಲಾರದೆ, ಮಲಗಲಾರದೆ ಅವನು ಕುಂಯ್‌ಗುಡುತ್ತಿದ್ದ. ಒಂದು ಸಂಜೆ ಅವ್ವ ಅವನನ್ನು ಎದೆಗೆ ಅವುಚಿಕೊಂಡು ಅಡುಗೆಮನೆ ತುಂಬ ಓಡಾಡಿ ಸಾಕಾಗಿ, ಎಲ್ಲಿ ಕೂರುತ್ತಿದ್ದೇನೆ ಎಂಬ ಗಮನವೂ ಇಲ್ಲದೆ ಗುಂಡಿಗೆ ಬೆನ್ನು ಕೊಟ್ಟು ಕುಸಿದಳು. ಬೆನ್ನಿಗೆ ಬಿಸಿ ತಾಗಿತು. ಅವಳ ಭುಜ ಸಡಿಲಾದದ್ದನ್ನು ನಾನು ರೊಟ್ಟಿ ಹಿಟ್ಟು ನಾದುತ್ತಲೇ ನೋಡಿದೆ. ತಮ್ಮ ಒಂದೆರಡು ಸಲ ಮೂಗು ಸೊರಗುಟ್ಟಿಸಿ, ಅವ್ವನ ಕುತ್ತಿಗೆಗೆ ಮುಖ ಒತ್ತಿ ಮಲಗಿಬಿಟ್ಟ. ಅವ್ವ ಅಲ್ಲಾಡಲಿಲ್ಲ. ಅವತ್ತು ರೊಟ್ಟಿಯೆಲ್ಲ ನಾನೇ ಬಡಿದೆ, ಒಂದೂ ದುಂಡಗೆ ಬರಲಿಲ್ಲ, ಯಾರೂ ಬೈಯಲಿಲ್ಲ. ಮರುಸಂಜೆಯೂ ಅವ್ವ ಅಲ್ಲೇ ಕೂತಳು. ಅದರ ಮರುಸಂಜೆಯೂ. ಅಜ್ಜಿ ಎಲ್ಲ ನೋಡಿದಳು. ಮೊಣಕಾಲು ನೋವಿದ್ದರೂ ಆಚೆ ಗೋಡೆಗೆ ಸರಿದು ಕೂತಳು.

ಹುಲಿಗೆಪ್ಪ ಮಾಮ ಬಂದೇಬಿಟ್ಟ. ಉಳಿ, ಸುತ್ತಿಗೆ, ಸೀಳಲು ಕಬ್ಬಿಣದ ಬೆಣೆಗಳು, ಜೊತೆಗೆ ಇಬ್ಬರು ಆಳು. ಅವ್ವ ಅವರಿಗೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಕೊಟ್ಟಳು. ಅವರು ತಿಂದು, ಗುಂಡಿನ ಸುತ್ತ ಬಂದು, ಬೆರಳಿನಿಂದ ಗಂಟು ಗೆರೆ ಸವರಿ, ಎಲ್ಲಿ ಹೊಡೆದರೆ ಎಲ್ಲಿ ಬಿರಿಯುತ್ತದೆ ಎಂದು ಮಾತಾಡಿಕೊಂಡರು. ಅಜ್ಜಿ ದೇವರ ಮುಂದೆ ಕೂತಿದ್ದಳು. ಮಾಮ ಉಳಿ ಇಟ್ಟು ಸುತ್ತಿಗೆ ಎತ್ತಿದ. ನಾನು ಕಣ್ಣು, ಕಿವಿ ಎರಡೂ ಮುಚ್ಚಿಕೊಂಡೆ. ಪೆಟ್ಟು ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವ್ವ ಉಳಿಯ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದಳು.

“ಹುಲಿಗೆಪ್ಪಣ್ಣ, ಗುಂಡು ಬ್ಯಾಡ. ಬಿಡ್ರಿ.”

“ಏನಿದು ನಿಂದು?” ಅಪ್ಪನ ದನಿ ಏರಿತು. “ಒಡೀರಿ ಅಂತ ಕುಣದಾಕಿ ನೀನ, ಈಗ ಬ್ಯಾಡ ಅನ್ನಾಕಿ ನೀನ. ಮಂದಿ ಮುಂದ ನನ್ನ ಮರ್ಯಾದಿ ಏನಾತು?”

“ಮರ್ಯಾದಿ ಆಮ್ಯಾಲೆ ನೋಡ್ಕೊಳೋಣ್ರಿ. ಒಂದು ಮಾತು ಕೇಳ್ತೀನಿ. ಹೊಸಪ್ಯಾಟಿ ಮಂದಿ ಮನಿಗೆಲ್ಲ ಕಿಟಕಿ ಇಡ್ತೀರಿ. ಮಂಗ್ಯಾ ಬರಬಾರ್ದು ಅಂತ ಸಳಿನೂ ಕುಂದ್ರಿಸಿ ಕೊಡ್ತೀರಿ. ನಮ್ಮ ಅಡಗಿಮನಿಗೆ ಯಾಕ ಒಂದು ಇಡಲಿಲ್ಲ? ಕಲ್ಲು ಕಾಯ್ತೈತಿ, ಅದರ ಗುಣಾನ ಅದು. ಆ ಬಿಸಿ ಹೊರಗ ಹೋಗಾಕ ಗಾಳಿ ಬೇಕಲ್ರಿ. ಇಷ್ಟು ದಿನ ನಾ ಕಲ್ಲಿನ ಕೂಡ ಜಗಳಾಡಿದೆ, ಜಗಳ ಆಡಬೇಕಾಗಿದ್ದು ಆ ಪಡುವಲ ಗ್ವಾಡಿ ಕೂಡ.”

ಪಡುವಲ ಗೋಡೆಯ ಆಚೆಗೆ ಬಾಳೆತೋಟ, ಅದರಾಚೆ ಕಾಲುವೆ. ಬೇಸಿಗೆಯ ಸಂಜೆ ಗಾಳಿ ಬರುವುದೇ ಆ ಕಡೆಯಿಂದ, ಹಸಿ ಎಲೆ ಮತ್ತು ನೀರನ್ನು ದಾಟಿ. ಅದು ನಮ್ಮ ಮನೆಯವರೆಗೂ ಬಂದು ಕುರುಡು ಗೋಡೆಗೆ ಬಡಿದು ವಾಪಸು ಹೋಗುತ್ತಿತ್ತು. ಮನೆ ಕಟ್ಟುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಅಪ್ಪನಿಗೆ ಇದು ಹೊಳೆದಿರಲಿಲ್ಲ, ಅಥವಾ ತನ್ನ ಅಜ್ಜಿಯ ಮಾತು ಮೀರಲು ಧೈರ್ಯವಿರಲಿಲ್ಲ. ಅವನು ಗೋಡೆ ನೋಡಿದ, ಗುಂಡು ನೋಡಿದ, ತಲೆ ಕೆರೆದುಕೊಂಡ. ಹುಲಿಗೆಪ್ಪ ಮಾಮ ಮೊದಲು ನಕ್ಕ.

“ತಂಗಿ ಮಾತು ಖರೇ ಐತಲ್ಲೋ ಗೌಂಡಿ! ಬೆಣಿ ಹೊತ್ಕೊಂಡು ಬಂದೀವಿ, ಸುಮ್ನ ಹೋಗಂಗಿಲ್ಲ. ಎಲ್ಲಿ ಕಿಂಡಿ ಹೊಡೀಬೇಕು ತೋರ್ಸು.”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಮಂಗಗಳ ಕಾನೂನು ಅವಳ ಅತ್ತೆಯದು, ಅದನ್ನು ಮುರಿಯುವ ಹಕ್ಕು ಇದ್ದರೆ ಅವಳಿಗೇ ಇರಬೇಕು. ಅಜ್ಜಿ ದೇವರ ಮುಂದಿನಿಂದ ಎದ್ದು ಬಂದು, ಕಣ್ಣೊರೆಸಿಕೊಂಡು, ಪಡುವಲ ಗೋಡೆಗೆ ಅಂಗೈ ಇಟ್ಟಳು.

“ನಮ್ಮತ್ತಿ ಈಗ ಮ್ಯಾಲಿಂದ ಬೈತಾಳ, ಬೈಲಿ. ಆಕಿ ಬೈದಿದ್ದು ನನಗೇನು ಹೊಸಾದಲ್ಲ. ಇಲ್ಲಿ ಹೊಡೀರಿ. ಸಳಿ ಮಾತ್ರ ಒತ್ತೊತ್ತಾಗಿ ಹಾಕಲೇ, ಮಂಗ್ಯಾನ ಮರಿ ಕೈ ಸೈತ ತೂರಬಾರದು.”

ಗೋಡೆ ಮಣ್ಣಿನ ಗಾರೆಯದು, ಸುಲಭವಾಗಿ ಬಾಯಿ ಬಿಟ್ಟಿತು. ಮೊದಲ ಕಲ್ಲು ಆಚೆ ಬಿದ್ದಾಗ ಅಡುಗೆಮನೆಯೊಳಕ್ಕೆ ಹಿಂದೆಂದೂ ಬಾರದ ಬೆಳಕು ಬಂತು. ಹೊಗೆ ಹಿಡಿದ ನಮ್ಮ ಡಬ್ಬಿಗಳು ಎಷ್ಟು ಕರ್ರಗಿದ್ದವೆಂದು ಗೊತ್ತಾಗಿ ಅವ್ವನಿಗೆ ನಾಚಿಕೆಯಾಯಿತು. ಅಪ್ಪ ಕಂಬಿ ಕತ್ತರಿಸಿ, ಒತ್ತೊತ್ತಾಗಿ ಕೂರಿಸಿ, ಸುತ್ತ ಸಿಮೆಂಟು ಬಳಿದು, ಒಂದು ಸಣ್ಣ ಸಜ್ಜಾ ಕೂಡ ಇಳಿಸಿದ. ಕೆಲಸ ಮುಗಿದ ಮೇಲೆ ಅದನ್ನು ಹಿಂದೆ ಸರಿದು ನೋಡಿದ ರೀತಿಯಲ್ಲೇ ಅವನ ಸಿಟ್ಟು ಇಳಿದದ್ದು ಗೊತ್ತಾಯಿತು. ಮಂಗಗಳು ಮರುದಿನವೇ ತಪಾಸಣೆಗೆ ಬಂದವು. ಒಂದು ಮುದಿ ಗಡವ ಸರಳು ಹಿಡಿದು ಅಲ್ಲಾಡಿಸಿ, ಒಳಗಿನ ರೊಟ್ಟಿಯನ್ನೂ ನಮ್ಮನ್ನೂ ಬಹಳ ಹೊತ್ತು ನೋಡಿ, ಹಲ್ಲು ಕಿರಿದು ಹೋಯಿತು. ಅಪ್ಪ ಕಾಲುವೆಯಿಂದ ಮತ್ತೆ ಮೀನು ತಂದು ಬಾನಿಗೆ ಬಿಟ್ಟ. ಅವ್ವ ಮಡಿಯ ಮೇಲ್ಮಣ್ಣು ತೆಗೆದು, ಹೊಲದಿಂದ ಮಣ್ಣು, ಗೊಬ್ಬರ ಹೊತ್ತು ತಂದು ತುಂಬಿ, ತೊಂಡೆಯ ಹೊಸ ಕಡ್ಡಿ ನೆಟ್ಟಳು. ಅಜ್ಜಿ ಅದಕ್ಕೆ ನೀರು ಹಾಕುವುದನ್ನು ಯಾರೂ ಹೇಳದೆಯೇ ತನ್ನ ಕೆಲಸ ಮಾಡಿಕೊಂಡಳು.

ಇನ್ನು ಉಳಿದಿದ್ದುದು ಬೇಸಿಗೆ. ಕಿಟಕಿ ಇಟ್ಟಿದ್ದೇನೋ ಸರಿ, ಅದು ನಿಜವಾಗಿ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಅವ್ವ ಒಳಗೊಳಗೇ ಹೆದರಿದ್ದಳು. ಒಡೆಯಲು ಬಂದವರನ್ನು ತಡೆದವಳು ತಾನು. ಕೂಸು ಮತ್ತೆ ಅತ್ತರೆ ಯಾರ ಮುಖ ನೋಡುವುದು? ಶಿವರಾತ್ರಿ ಹೋಯಿತು, ಬಿಸಿಲು ಬಲಿಯಿತು. ಗುಂಡು ಎಂದಿನ ಹಾಗೆ ಕಾಯತೊಡಗಿತು. ಉಗಾದಿಯ ಹಿಂದಿನ ದಿನ ಅಪ್ಪ ಉಳಿದ ಗೋಡೆಗಳಿಗೆಲ್ಲ ಸುಣ್ಣ ಬಳಿದು ಮುಗಿಸಿ, ಹೊತ್ತು ಮುಳುಗುವಾಗ ಸುಣ್ಣದ ಡಬ್ಬಿ, ಕುಂಚ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿಯಿಂದ ಬಾಳೆತೋಟದ ಗಾಳಿ ಬಂದು ಅವಳ ಸೆರಗನ್ನು, ಒಲೆಯ ಉರಿಯನ್ನು, ತೊಟ್ಟಿಲನ್ನು ಒಟ್ಟಿಗೆ ತೂಗುತ್ತಿತ್ತು. ಅಪ್ಪನಿಗೆ ಚೇಷ್ಟೆ. ಹೋದ ವರ್ಷದ್ದನ್ನೆಲ್ಲ ನೆನಪಿಸಿ ಹೆಂಡತಿಯನ್ನು ಕಾಡಬೇಕೆಂದು ದೊಡ್ಡ ದನಿ ತೆಗೆದ.

“ಏನವ್ವಾ ಬೆಳ್ಳನ ಗುಂಡಿನಾಕಿ, ಈ ವರ್ಷ ಗುಂಡಿಗೆ ಎಷ್ಟು ಕೈ ಹಚ್ಚಲಿ?”

ಅವ್ವ ಹಿಟ್ಟಿನ ಕೈಯನ್ನೇ ಎತ್ತಿ, ಬೆರಳನ್ನು ತುಟಿಯ ಮೇಲಿಟ್ಟಳು.

“ಶ್! ಮೆಲ್ಲಕ ಮಾತಾಡ್ರಿ. ಹುಡುಗ ಮಕ್ಕೊಂಡಾನ.”